ನಂಬದವರು ಮಾಡಿದ ಗೊಂಬೆ

“ಭಾವ, ಇದನ್ನ ಮಾಡಿದವರಿಗೆ ಮಾಟದಲ್ಲಿ ಎಳ್ಳಷ್ಟೂ ನಂಬಿಕೆ ಇಲ್ಲ,” ಎಂದಳು ನನ್ನ ನಾದಿನಿ, ಗೊಂಬೆಯ ಬೆನ್ನಿನ ಹೊಲಿಗೆ ಬಿಚ್ಚುತ್ತಾ.

ಅವಳ ಕೈಯಲ್ಲಿ ಉಗುರಿನ ಪುಟ್ಟ ಕತ್ತರಿ, ಮೂಗಿನ ತುದಿಯಲ್ಲಿ ಕನ್ನಡಕ. ನಾನು ಮೇಜಿನ ದೀಪವನ್ನು ಅವಳು ಹೇಳಿದತ್ತ ತಿರುಗಿಸುತ್ತಾ ನಿಂತಿದ್ದೆ. ಪೊಲೀಸ್ ಇಲಾಖೆಯಲ್ಲಿದ್ದಷ್ಟು ಕಾಲ ನನಗೆ ದೀಪ ಹಿಡಿಯುವವರು ಬೇರೆ ಇದ್ದರು. ನಿವೃತ್ತನಾದ ಮೇಲೆ ಹೆಂಡತಿಯ ತಂಗಿಗೆ ನಾನು ಹಿಡಿಯುತ್ತಿದ್ದೇನೆ. ಬೇಸರವೇನೂ ಇಲ್ಲ, ಮೊಣಕಾಲು ನೋವೊಂದು ಬಿಟ್ಟರೆ.

ನಾವಿದ್ದದ್ದು ಕಾಲೇಜಿನ ಮಾನವಶಾಸ್ತ್ರ ವಿಭಾಗದ ಮ್ಯೂಸಿಯಮ್ಮಿಗೆ ಅಂಟಿಕೊಂಡ ಕೋಣೆಯಲ್ಲಿ. ಗೋಡೆಯುದ್ದಕ್ಕೂ ಗಾಜಿನ ಕಪಾಟುಗಳು. ಒಳಗೆ ಎಲ್ಲೆಲ್ಲಿಂದಲೋ ತಂದ ಮುಖವಾಡಗಳು, ತಾಯಿತಗಳು, ಮೂಳೆಯ ಸರಗಳು. ನಾದಿನಿ ಇಲ್ಲಿ ಪಾಠ ಹೇಳುವುದೇ ಇವುಗಳ ಬಗ್ಗೆ. ಯಾವ ಜನ ಏನನ್ನು ನಂಬುತ್ತಾರೆ, ಯಾವುದಕ್ಕೆ ಹೆದರುತ್ತಾರೆ, ಮನೆಯಲ್ಲಿ ಕೇಡಾದರೆ ಯಾರ ಕಡೆ ಬೆರಳು ತೋರಿಸುತ್ತಾರೆ ಎಂಬುದು ಅವಳ ವಿದ್ಯೆ. ವಿದ್ಯಾರ್ಥಿಗಳು ಅವಳಿಗಿಟ್ಟ ಹೆಸರು ಮಾಟದ ಮೇಡಂ. ಅವಳ ಅಕ್ಕನಿಗೆ ಆ ಹೆಸರು ಕೇಳಿದರೆ ಮೈ ಉರಿಯುತ್ತದೆ, ಅವಳಿಗೆ ಮಾತ್ರ ಬಲು ಇಷ್ಟ.

ಇದುವರೆಗಿನ ಕಥೆ ಇಷ್ಟೇ: ವಿಭಾಗದ ಮುಖ್ಯಸ್ಥರಾದ ದೊಡ್ಡ ಮೇಷ್ಟ್ರ ಬೀಗ ಹಾಕಿದ ಡ್ರಾಯರಿನಲ್ಲಿ ಸೂಜಿ ಚುಚ್ಚಿದ ಬಟ್ಟೆಯ ಗೊಂಬೆಯೊಂದು ಸಿಕ್ಕಿತು, ಮರುದಿನವೇ ಅವರು ಮೆಟ್ಟಿಲಿನಿಂದ ಉರುಳಿ ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದರು, ಅಂಥದೇ ಇನ್ನೊಂದು ಗೊಂಬೆ ಪ್ರಾಂಶುಪಾಲರ ಕುರ್ಚಿಯ ದಿಂಬಿನಡಿ ಸಿಕ್ಕಿತು.

ಕಾಲೇಜಿನ ಕಣ್ಣೆಲ್ಲ ಹೋದದ್ದು ಕೀಲಿಯಮ್ಮನ ಮೇಲೆ. ಮ್ಯೂಸಿಯಮ್ಮಿನ ಉಸ್ತುವಾರಿ ಆಕೆಯದು. ವಿಭಾಗದ ಅಷ್ಟೂ ಬೀಗದ ಕೈಗಳು ಆಕೆಯ ಸೊಂಟದಲ್ಲಿ. ಮದುವೆಯಿಲ್ಲ, ಮಕ್ಕಳಿಲ್ಲ, ಹಿಂದೆ ಮುಂದೆ ಯಾರೂ ಇಲ್ಲ. ಜಗಳದಲ್ಲಿ ಎತ್ತಿದ ಕೈ. ಕಪಾಟು ತೆಗೆಯುವ ಮುಂಚೆ ಒಳಗಿರುವ ಮುಖವಾಡಗಳ ಜೊತೆ ಮಾತಾಡುತ್ತಾಳೆ. ದೊಡ್ಡ ಮೇಷ್ಟ್ರು ರಜೆ ಕೊಡದ ದಿನ ಎಲ್ಲರೆದುರು, ನಿಮಗೆ ಒಳ್ಳೇದಾಗಲ್ಲ ಎಂದೂ ಹೇಳಿದ್ದಾಳೆ. ಅದಾದ ಮೇಲೇ ಗೊಂಬೆ ಸಿಕ್ಕಿದ್ದು.

ಇವತ್ತು ಮಧ್ಯಾಹ್ನ ವಿಚಾರಣಾ ಸಮಿತಿ ಸೇರಲಿತ್ತು. ಕೀಲಿಗೊಂಚಲನ್ನು ಬೆಳಿಗ್ಗೆಯೇ ಆಕೆಯಿಂದ ಕಸಿದುಕೊಂಡಾಗಿತ್ತು. ಸಂಜೆಯೊಳಗೆ ಕೆಲಸವೂ ಹೋಗುತ್ತದೆ, ಮ್ಯೂಸಿಯಮ್ಮಿನ ಹಿಂದೆ ಆಕೆಗೆ ಕೊಟ್ಟಿದ್ದ ಒಂದು ಕೋಣೆಯೂ ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಕಾಗದದಲ್ಲಿ ಬರೆದದ್ದು ‘ಬೆದರಿಕೆ’ ಎಂದು. ಬಾಯಲ್ಲಿ ಎಲ್ಲರೂ ಆಡುತ್ತಿದ್ದದ್ದು ಮಾಟ. ಮಾಟದ ಬಗ್ಗೆ ಪದವಿ ಕೊಡುವ ಕಾಲೇಜಿನಲ್ಲೇ ಹೀಗಾದರೆ ಇನ್ನು ಹೇಳುವುದೇನಿದೆ. ನನಗಂತೂ ಆ ಜನರನ್ನು ಕಂಡರೆ ಸಿಟ್ಟು ಬರುತ್ತಿತ್ತು.

“ನಂಬಿಕೆ ಇಲ್ಲದವರು ಇಷ್ಟು ಕಷ್ಟಪಟ್ಟು ಗೊಂಬೆ ಯಾಕೆ ಹೊಲಿತಾರೆ?” ಎಂದೆ.

“ನಂಬುವವರನ್ನ ಹೆದರಿಸೋಕೆ. ಇಲ್ಲಿ ನೋಡಿ.”

ಅವಳು ಬಿಚ್ಚುತ್ತಿದ್ದದ್ದು ಪ್ರಾಂಶುಪಾಲರ ದಿಂಬಿನಡಿ ಸಿಕ್ಕ ಗೊಂಬೆಯನ್ನು. ಮೇಲಿನ ಬಟ್ಟೆ ಮಾಸಲು ಹಳದಿ. ಅದರ ಮೇಲೆ ಅಲ್ಲಲ್ಲಿ ಹಸಿರು ದಾರದ ಗಂಟುಗಳು. ಈ ಗಂಟುಗಳ ಬಗ್ಗೆ ವಿಭಾಗದ ಎರಡನೆಯ ಸ್ಥಾನದಲ್ಲಿರುವ ಟೈ ಮೇಷ್ಟ್ರು ಸಿಬ್ಬಂದಿ ಸಭೆಯಲ್ಲಿ ದೊಡ್ಡ ಉಪನ್ಯಾಸವನ್ನೇ ಕೊಟ್ಟಿದ್ದರು: ಇವು ಮಂತ್ರದ ಗಂಟುಗಳು, ಒಂದೊಂದು ಗಂಟಿಗೆ ಒಂದೊಂದು ಶಾಪ, ಹಲವು ದೇಶಗಳಲ್ಲಿ ಈ ಪದ್ಧತಿ ಇದೆ. ಕೇಳಿದವರು ಬೆವರು ಒರೆಸಿಕೊಂಡಿದ್ದರು.

ನಾದಿನಿ ಬಟ್ಟೆಯನ್ನು ಬಿಡಿಸಿ, ಒಳಗಿನ ಹತ್ತಿಯನ್ನು ಬದಿಗಿಟ್ಟು, ಮಗುಚಿ ಹಾಕಿದಳು. ಒಳಮೈಯಲ್ಲಿ ಬಣ್ಣ ಇನ್ನೂ ಗಟ್ಟಿಯಾಗಿತ್ತು. ಹಸಿರು ದಾರದಲ್ಲಿ ಕಸೂತಿ ಮಾಡಿದ ಬಾತುಕೋಳಿಯ ಅರ್ಧ ಕಂಡಿತು. ಕೊಕ್ಕು, ಕುತ್ತಿಗೆ, ಒಂದು ರೆಕ್ಕೆ.

ಮಂತ್ರದ ಗಂಟುಗಳೆಂದರೆ ಕಸೂತಿಯ ಹಿಂಬದಿ. ನಾನು ಜೋರಾಗಿ ನಕ್ಕುಬಿಟ್ಟೆ.

ಅವಳು ನಗಲಿಲ್ಲ. ಬಟ್ಟೆಯ ಅಂಚಿನಲ್ಲಿ ತೋಳಿನ ಜಾಗದ ಅರ್ಧವೃತ್ತವನ್ನು ಬೆರಳಿನಿಂದ ಸವರಿ ತೋರಿಸಿದಳು. ನನ್ನ ಎರಡು ಬೆರಳು ತೂರುವಷ್ಟೇ ಜಾಗ. ಇನ್ನೂ ನಡೆಯಲು ಕಲಿಯುತ್ತಿರುವ ಹೆಣ್ಣುಮಗುವಿನ ಫ್ರಾಕು ಅದು.

ನುಸಿಗುಳಿಗೆಯ ವಾಸನೆ ಬರುತ್ತಿದೆ, ಸಮಿತಿಯವರು ಅದು ಮ್ಯೂಸಿಯಮ್ಮಿನ ಉಗ್ರಾಣದ ವಾಸನೆ ಎನ್ನುತ್ತಾರೆ, ಅಲ್ಲಿಗೆ ಕೀಲಿಯಮ್ಮನ ಕಥೆ ಮುಗಿಯಿತು ಎಂದು ನಾನು ಎಚ್ಚರಿಸಿದೆ.

“ಅಕ್ಕನ ಟ್ರಂಕ್ ತೆಗೆದು ನೋಡಿ ಭಾವ, ಇದೇ ವಾಸನೆ. ಮಕ್ಕಳ ಮೊದಲ ಬಟ್ಟೆ ಯಾವ ತಾಯಿ ಬಿಸಾಡ್ತಾಳೆ? ಮಡಚಿ ಇಡ್ತಾಳೆ, ಗುಳಿಗೆ ಹಾಕ್ತಾಳೆ. ಮಡಿಕೆಯ ಗೆರೆ ನೋಡಿ, ವರ್ಷಗಟ್ಟಲೆ ಮಡಚಿಟ್ಟ ಬಟ್ಟೆ ಇದು.”

ಆಮೇಲೆ ಅವಳು ತನ್ನ ಪಾಠವನ್ನು ನನಗೂ ಒಂದಿಷ್ಟು ಬಡಿಸಿದಳು. ಅವಳು ಹೋಗಿ ಉಳಿದು ನೋಡಿಬಂದ ಜನರಲ್ಲಿ ಬೆಟ್ಟದವರಿದ್ದರು, ದ್ವೀಪದವರಿದ್ದರು, ದನ ಮೇಯಿಸುತ್ತಾ ಅಲೆಯುವವರಿದ್ದರು. ಕೇಡು ಕೋರುವ ಗೊಂಬೆ ಮಾಡುವ ರೀತಿ ಒಬ್ಬೊಬ್ಬರದು ಒಂದೊಂದು. ಒಬ್ಬರು ಮಾಡಿದ ಮೇಲೆ ಬೂದಿಯಲ್ಲಿ ಕೈ ತೊಳೆಯುತ್ತಾರೆ, ಒಬ್ಬರು ತಮ್ಮ ಹೆಸರನ್ನೇ ಆ ದಿನ ಬದಲಿಸಿಕೊಳ್ಳುತ್ತಾರೆ, ಇನ್ನೊಬ್ಬರು ಹಿಂತಿರುಗಿ ನೋಡದೆ ನಡೆಯುತ್ತಾರೆ. ಎಲ್ಲರಲ್ಲೂ ಅವಳು ಕಂಡ ಒಂದು ಭಯ ಮಾತ್ರ ಒಂದೇ. ಮಾಡಿದ್ದು ತಮ್ಮ ಮೈಗೆ ತಿರುಗಬಾರದು.

“ನಂಬುವವಳು ಶತ್ರುವಿನ ಬಟ್ಟೆ ಹುಡುಕ್ತಾಳೆ. ಸಿಗದಿದ್ರೆ ಹೊಸ ಬಟ್ಟೆ ತರ್ತಾಳೆ. ತನ್ನ ಮನೆಯ ಮಗುವಿನ ಬಟ್ಟೆಗೆ ಸೂಜಿ ಚುಚ್ತಾಳಾ? ಸತ್ತರೂ ಇಲ್ಲ. ಇದನ್ನ ಮಾಡಿದವರಿಗೆ ಇದು ಬರೀ ಬಟ್ಟೆ.”

ನನ್ನ ಕಿವಿ ನೆಟ್ಟಗಾಯಿತು. ಕೀಲಿಯಮ್ಮ ನಂಬುವವಳು ಎಂಬುದೇ ಆಕೆಯ ಮೇಲಿನ ಆರೋಪವಾಗಿತ್ತು. ಈಗ ಅದೇ ಆಕೆಯನ್ನು ಬಿಡಿಸುವ ಸಾಕ್ಷಿಯಾಯಿತು. ನನ್ನ ಇಡೀ ಸರ್ವೀಸಿನಲ್ಲಿ ಇಂಥ ಸಾಕ್ಷಿಯನ್ನು ನಾನು ಕಂಡಿರಲಿಲ್ಲ.

ಇನ್ನು ಉಳಿದದ್ದು ಯಾರ ಮನೆಯ ಫ್ರಾಕು ಎಂಬ ಪ್ರಶ್ನೆ. ಪ್ರಾಂಶುಪಾಲರಿಗೆ ಇಬ್ಬರು ಗಂಡುಮಕ್ಕಳು. ದೊಡ್ಡ ಮೇಷ್ಟ್ರು ಒಂಟಿಜೀವ, ಪುಸ್ತಕಗಳನ್ನೇ ಕಟ್ಟಿಕೊಂಡವರು. ಆ ಸಿಬ್ಬಂದಿಯಲ್ಲಿ ಹೆಣ್ಣುಮಗಳನ್ನು ಬೆಳೆಸಿದವರು, ಎರಡು ಕೋಣೆಗಳಿಗೂ ಸಲೀಸಾಗಿ ಹೋಗಿಬರುವವರು ಟೈ ಮೇಷ್ಟ್ರೊಬ್ಬರೇ. ಮಗಳು ಈಗ ದೊಡ್ಡವಳಾಗಿ ಬೇರೆ ಊರಿನಲ್ಲಿ ಕೆಲಸದಲ್ಲಿದ್ದಾಳೆ. ಹೆಂಡತಿ ಇದೇ ಕಾಲೇಜಿನ ಲೈಬ್ರರಿ ಮೇಡಂ, ಸಮಿತಿಯ ಏಕೈಕ ಮಹಿಳಾ ಸದಸ್ಯೆ. ಮೃದು ಮಾತಿನ ಹೆಂಗಸು. ಗೊಂಬೆಗಳನ್ನು ಆಕೆ ಇನ್ನೂ ನೋಡಿರಲಿಲ್ಲ, ಯಾಕೆಂದರೆ ಅವು ಸಿಕ್ಕ ದಿನದಿಂದ ಇವತ್ತು ಬೆಳಿಗ್ಗೆ ತನಿಖೆಗೆಂದು ನಮ್ಮ ಕೈಗೆ ಬರುವವರೆಗೆ ಪ್ರಾಂಶುಪಾಲರ ಬೀರುವಿನಲ್ಲಿ ಚೀಲದೊಳಗಿದ್ದವು.

ಗೊತ್ತಾಗುವುದು ಬೇರೆ, ಸಾಬೀತು ಮಾಡುವುದು ಬೇರೆ. ಫ್ರಾಕನ್ನು ಗುರುತಿಸಬಲ್ಲವಳು ಲೋಕದಲ್ಲಿ ಒಬ್ಬಳೇ, ಆಕೆ ಅವರ ಹೆಂಡತಿ. ನೇರವಾಗಿ ಕೇಳಿದರೆ ಆಕೆ ಗಂಡನನ್ನು ಬಿಟ್ಟುಕೊಡುವುದುಂಟೇ? ನಾನು ನಾದಿನಿಯನ್ನು ಯೋಚನೆ ಮಾಡಲು ಬಿಟ್ಟು ಕೀಲಿಯಮ್ಮನನ್ನು ಕಾಣಲು ಹೊರಟೆ.

ಆಕೆಯ ಕೋಣೆ ಚಿಕ್ಕದು. ಒಂದು ಮಂಚ, ಒಂದು ಸ್ಟೌವು, ಕಿಟಕಿಯಲ್ಲಿ ಒಣಹಾಕಿದ ಧೂಳೊರೆಸುವ ಬಟ್ಟೆಗಳು. ಪಾತ್ರೆಗಳನ್ನೆಲ್ಲ ಆಗಲೇ ಗೋಣಿಚೀಲಕ್ಕೆ ತುಂಬಿದ್ದಳು. ಕುಳಿತಲ್ಲಿಂದ ಏಳಲಿಲ್ಲ. ಕೈ ಮಾತ್ರ ಮತ್ತೆ ಮತ್ತೆ ಸೊಂಟಕ್ಕೆ ಹೋಗಿ, ಅಲ್ಲಿ ಗೊಂಚಲು ಇಲ್ಲದ್ದು ಕಂಡು ಹಿಂದೆ ಬರುತ್ತಿತ್ತು. ಅದನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು.

ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿದೆ. ಹೋಗುವ ಜಾಗ ಇದ್ದಿದ್ದರೆ ಇಷ್ಟು ವರ್ಷ ಈ ಮುಖವಾಡಗಳ ಜೊತೆ ಯಾಕೆ ಮಾತಾಡಿಕೊಂಡು ಇರುತ್ತಿದ್ದೆ ಎಂದಳು. ಆಮೇಲೆ ತಲೆ ಎತ್ತಿದಳು.

“ಸಾಹೇಬ್ರೇ, ಆ ಗೊಂಬೆನ ಮುಟ್ಟೋಕೇ ನನಗೆ ಕೈ ನಡುಗುತ್ತೆ. ನಾನು ಮಾಡ್ತೀನಾ?”

ಚೀಲದಿಂದ ಪಾತ್ರೆ ಆಚೆ ತೆಗೆಯಮ್ಮ, ಇವತ್ತು ಸಂಜೆ ಇಲ್ಲೇ ಅಡುಗೆ ಮಾಡುತ್ತೀಯ ಎಂದು ಹೇಳಿ ಬಂದೆ. ಯಾವ ಧೈರ್ಯದ ಮೇಲೆ ಹೇಳಿದೆನೋ ನನಗೇ ಗೊತ್ತಿರಲಿಲ್ಲ.

ವಾಪಸು ಬಂದಾಗ ನಾದಿನಿ ಕಿಟಕಿಯ ಬಳಿ ಫೋನು ಮುಗಿಸಿ ಜೇಬಿಗೆ ಹಾಕಿಕೊಳ್ಳುತ್ತಿದ್ದಳು. ಮುಖ ಅರಳಿತ್ತು. ಮೇಜಿನ ಮೇಲೆ ದೊಡ್ಡ ಮೇಷ್ಟ್ರ ಡ್ರಾಯರಿನಲ್ಲಿ ಸಿಕ್ಕ ಆ ಮೊದಲ ಗೊಂಬೆ, ಅದೇ ಹಳದಿ ಫ್ರಾಕಿನ ಉಳಿದರ್ಧದಿಂದ ಮಾಡಿದ್ದು, ಹೊಲಿಗೆ ಬಿಚ್ಚದೆ, ಇದ್ದ ಹಾಗೇ ಇತ್ತು. ಪಕ್ಕದಲ್ಲಿ ಒಂದು ಡಬ್ಬಿ ಗುಂಡುಸೂಜಿ.

“ನಡೀರಿ ಭಾವ. ಉಪಾಯ ಸಿಕ್ತು,” ಎಂದಳು.

ಪ್ರಾಂಶುಪಾಲರ ಕೋಣೆಯಲ್ಲಿ ಉದ್ದನೆಯ ಮೇಜು, ಹಸಿರು ಹಾಸು, ನೀರಿನ ಜಗ್ಗು. ನಡುವೆ ಪ್ರಾಂಶುಪಾಲರು. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವರಷ್ಟು ಪಳಗಿದವರನ್ನು ನಾನು ಕಂಡಿಲ್ಲ. ತನಿಖೆಗೆ ನನ್ನನ್ನು ಕರೆಸಿದವರೂ ಅವರೇ, ತನಿಖೆ ಮುಗಿಯುವ ಮುಂಚೆ ಸಮಿತಿ ಕರೆದವರೂ ಅವರೇ. ಬಲಕ್ಕೆ ಟೈ ಮೇಷ್ಟ್ರು, ಸೆಕೆಯಲ್ಲೂ ಕುತ್ತಿಗೆಗೆ ಬಿಗಿಯಾಗಿ ಟೈ ಕಟ್ಟಿಕೊಂಡು. ಮೇಜಿನ ತುದಿಯಲ್ಲಿ ಲೈಬ್ರರಿ ಮೇಡಂ. ಬಾಗಿಲ ಬಳಿ ಕೀಲಿಯಮ್ಮ ನಿಂತಿದ್ದಳು. ಆಕೆಗೆ ಕುರ್ಚಿ ಹಾಕಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ನಾನು ನನ್ನದನ್ನು ಎತ್ತಿಕೊಂಡು ಹೋಗಿ ಆಕೆಗೆ ಹಾಕಿದೆ. ಆಕೆ ಕೂರಲಿಲ್ಲ.

ಆರೋಪ ಓದಿದವರು ಟೈ ಮೇಷ್ಟ್ರು. ಬೀಗ ಹಾಕಿದ ಡ್ರಾಯರು, ಕೀಲಿ ಇದ್ದದ್ದು ಯಾರ ಬಳಿ, ಎಲ್ಲರೆದುರು ಹಾಕಿದ ಶಾಪ, ಬಟ್ಟೆಯಲ್ಲಿ ಉಗ್ರಾಣದ ವಾಸನೆ, ಮಂತ್ರದ ಗಂಟುಗಳು. ಒಳ್ಳೆಯ ಸರಕಾರಿ ವಕೀಲನಾಗಬಹುದಾಗಿದ್ದ ಮನುಷ್ಯ. ಮಾಟ ಫಲಿಸುತ್ತದೆ ಎಂದು ತಾವೇನೂ ಹೇಳುತ್ತಿಲ್ಲ, ತಾವು ವಿಜ್ಞಾನದ ಮನುಷ್ಯ, ಆದರೆ ಬೆದರಿಕೆ ಬೆದರಿಕೆಯೇ ಎಂದು ಮುಗಿಸಿದರು.

ನಾದಿನಿ ಎದ್ದಳು. ಹೆಚ್ಚು ಮಾತಾಡಲಿಲ್ಲ. ಕೋಣೆಯಲ್ಲಿ ಯಾರಿಗೂ ಇದರಲ್ಲಿ ನಂಬಿಕೆ ಇಲ್ಲವೆಂದಾದರೆ ಯಾರೂ ಬೆದರಿಲ್ಲ ಎಂದಾಯಿತು, ಯಾರೂ ಬೆದರದಿದ್ದರೆ ಬೆದರಿಕೆಯ ಆರೋಪ ನಿಲ್ಲುವುದಿಲ್ಲ, ಅದನ್ನೊಂದು ಪರೀಕ್ಷೆ ಮಾಡಿಬಿಡೋಣ ಎಂದಳು. ಗೊಂಬೆಯನ್ನು ಮೇಜಿನ ಮೇಲಿಟ್ಟಳು. ಒಬ್ಬೊಬ್ಬರ ಮುಂದೂ ಒಂದೊಂದು ಗುಂಡುಸೂಜಿ.

“ಇದು ದೊಡ್ಡ ಮೇಷ್ಟ್ರ ಗೊಂಬೆ, ಒಳಗೆ ಅವರ ಕೂದಲೂ ಇದೆಯಂತೆ. ನಂಬದವರು ಒಂದು ಸೂಜಿ ಚುಚ್ಚಿ ಪಕ್ಕದವರಿಗೆ ಕೊಡಿ.”

ಮೊದಲು ನನಗೆ ಬಂತು. ಕಳ್ಳರ, ಕೊಲೆಗಾರರ ಮುಖ ನೋಡಿ ನೋಡಿ ಚರ್ಮ ದಪ್ಪವಾದ ಮನುಷ್ಯ ನಾನು. ಸೂಜಿ ಹಿಡಿದೆ. ಆಸ್ಪತ್ರೆಯಲ್ಲಿ ಮಲಗಿದ ಹಿರಿಯರ ನೆನಪಾಗಿ ಸೂಜಿಯನ್ನು ಕೆಳಗಿಟ್ಟೆ. ನಾಚಿಕೆಯಾಯಿತು, ಆದರೂ ಚುಚ್ಚಲಾಗಲಿಲ್ಲ. ಪ್ರಾಂಶುಪಾಲರು ಕನ್ನಡಕ ತೆಗೆದು ಒರೆಸಿ, ತಮಗೇನೂ ನಂಬಿಕೆಯಿಲ್ಲ, ಆದರೆ ಅನಾವಶ್ಯಕವಾಗಿ ಯಾಕೆ ಎಂದು ಗೊಂಬೆಯನ್ನು ಪೆನ್ನಿನ ತುದಿಯಿಂದ ಪಕ್ಕಕ್ಕೆ ತಳ್ಳಿದರು.

ಟೈ ಮೇಷ್ಟ್ರು ನಕ್ಕರು. ನಮ್ಮಿಬ್ಬರನ್ನೂ ಕರುಣೆಯಿಂದ ನೋಡಿ, ಗೊಂಬೆಯನ್ನು ಎಡಗೈಯಲ್ಲಿ ಹಿಡಿದು, ಸೂಜಿಯನ್ನು ಎದೆಯ ನಡುವೆ ತಲೆಯವರೆಗೆ ಒತ್ತಿದರು.

“ಸಾಕಾ ಮೇಡಂ? ಇನ್ನೊಂದು ಬೇಕಾ?” ಎನ್ನುತ್ತಾ ಅದನ್ನು ಹೆಂಡತಿಯ ಮುಂದಿಟ್ಟರು.

ಲೈಬ್ರರಿ ಮೇಡಂ ಗೊಂಬೆಯನ್ನು ಕೈಗೆತ್ತಿಕೊಂಡರು. ಹಸಿರು ಗಂಟುಗಳ ಮೇಲೆ ಬೆರಳು ಆಡಿಸಿದರು. ಒಂದು ಗಂಟಿನ ಬಳಿ ಬೆರಳು ನಿಂತಿತು. ದಾರ ಮುಗಿದಾಗ ಎರಡು ಸುತ್ತು ಹಾಕಿ ಪಕ್ಕಕ್ಕೆ ಎಳೆದು ಕತ್ತರಿಸಿದ ಗಂಟು ಅದು. ಕಸೂತಿಯ ಮುಂಬದಿಯನ್ನು ಊರೆಲ್ಲ ನೋಡುತ್ತದೆ. ಹಿಂಬದಿಯನ್ನು ಬಲ್ಲವಳು ಹಾಕಿದವಳು ಮಾತ್ರ.

ಆಕೆ ಸೂಜಿಗಳನ್ನು ಒಂದೊಂದಾಗಿ ಹೊರಗೆಳೆದು ಹಸಿರು ಹಾಸಿನ ಮೇಲೆ ಸಾಲಾಗಿ ಇಟ್ಟರು. ಭುಜದ್ದು, ಹೊಟ್ಟೆಯದು, ಕಾಲಿನದು. ಎದೆಯದನ್ನು ತೆಗೆದು ಆ ತೂತನ್ನು ಹೆಬ್ಬೆರಳಿನಿಂದ ಒತ್ತಿದರು. ಕೊನೆಗೆ ಆಕೆ ಗಂಡನ ಕಡೆ ತಿರುಗಿದರು.

“ಮಗು ಮೊದಲ ಹೆಜ್ಜೆ ಇಟ್ಟಾಗ ಹಾಕ್ಕೊಂಡಿದ್ದ ಫ್ರಾಕು ಇದು. ಇದಕ್ಕೆ ಸೂಜಿ ಚುಚ್ಚಿದ್ದೀರಲ್ಲ.”

ಆಗ ಅವರು ಸುಮ್ಮನಿದ್ದಿದ್ದರೆ ಬಚಾವಾಗುತ್ತಿದ್ದರು. ಯಾರೋ ಕದ್ದರು ಎನ್ನಬಹುದಿತ್ತು, ನಿನಗೆ ತಪ್ಪು ತಿಳುವಳಿಕೆ ಎನ್ನಬಹುದಿತ್ತು. ಆದರೆ ಜೀವಮಾನವಿಡೀ ಮೂಢನಂಬಿಕೆಯ ವಿರುದ್ಧ ಪಾಠ ಮಾಡಿದವರು. ಹೆಂಡತಿಯ ಮಾತು ಕೇಳಿದೊಡನೆ ಪಾಠ ತಾನಾಗಿ ಬಾಯಿಗೆ ಬಂತು.

“ಅದು ಬರೀ ಹಳೇ ಬಟ್ಟೆ ಕಣೇ. ಟ್ರಂಕಿನ ತಳದಲ್ಲಿ ಬಿದ್ದಿತ್ತು. ಬಟ್ಟೆಗೆ ಚುಚ್ಚಿದ್ರೆ ಅವಳಿಗೇನಾಗುತ್ತೆ?”

ಹೇಳಿದ ಮೇಲೆ ಏನು ಹೇಳಿದೆನೆಂದು ಅವರಿಗೇ ಕೇಳಿಸಿತು. ಮುಖ ಇಂಗು ತಿಂದ ಮಂಗನ ಹಾಗಾಯಿತು. ಪ್ರಾಂಶುಪಾಲರ ಕೈಯ ಪೆನ್ನು ಕೆಳಗೆ ಬಿತ್ತು.

ಲೈಬ್ರರಿ ಮೇಡಂ ಮಗಳಿಗೆ ಫೋನು ಮಾಡಿಬರುತ್ತೇನೆ ಎಂದು ಎದ್ದರು. ಗೊಂಬೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಹೋದರು, ಯಾರೂ ತಡೆಯಲಿಲ್ಲ. ಆಕೆಯನ್ನು ನೋಡಿ ನನಗೆ ಅಯ್ಯೋ ಅನ್ನಿಸಿತು. ನಾದಿನಿಗೂ ಹಾಗೇ ಅನ್ನಿಸಿರಬೇಕು, ಬಾಗಿಲವರೆಗೆ ಜೊತೆಗೆ ಹೋಗಿ ಹೆಗಲ ಮೇಲೆ ಕೈ ಇಟ್ಟು ಬಂದಳು.

ಆಮೇಲೆ ನಡೆದದ್ದು ಮಾತ್ರ ಹಬ್ಬ. ಪ್ರಾಂಶುಪಾಲರು ಗಾಳಿ ಬಂದತ್ತ ತೂರಿಕೊಳ್ಳುವುದರಲ್ಲಿ ಹಿಂದೆ ಬಿದ್ದವರಲ್ಲ. ತಮಗೆ ಮೊದಲಿಂದಲೂ ಸಂಶಯವಿತ್ತು ಎಂದರು, ಆರೋಪದ ಹಾಳೆಯನ್ನು ನಾಲ್ಕಾಗಿ ಹರಿದರು, ಬೀರು ತೆಗೆದು ಕೀಲಿಗೊಂಚಲನ್ನು ಖುದ್ದಾಗಿ ತಂದು ಕೀಲಿಯಮ್ಮನಿಗೆ ಚಾಚಿದರು. ಆಕೆ ಗೊಂಚಲನ್ನು ಬೆಳಕಿಗೆ ಹಿಡಿದು ಒಂದೊಂದೇ ಕೀಲಿ ಜರುಗಿಸಿ ನೋಡಿದಳು.

“ಎಣಿಸಿಕೊಳ್ಳಲಾ ಸಾರ್, ಇಲ್ಲ ನಿಮ್ಮನ್ನ ನಂಬಿಬಿಡಲಾ?”

ಪ್ರಾಂಶುಪಾಲರು ಎಣಿಸಿಕೊಳ್ಳಿ ಎಂದರು. ನಗಬಾರದೆಂದು ತುಟಿ ಕಚ್ಚಿಕೊಂಡ ನಾದಿನಿಯ ಕಣ್ಣಲ್ಲಿ ನೀರು ಬಂತು. ಆಗ ಕೀಲಿಯಮ್ಮ ನಾನು ಹಾಕಿದ್ದ ಕುರ್ಚಿಯ ಮೇಲೆ ಕುಳಿತಳು, ಆರಾಮವಾಗಿ, ಕಾಲು ಚಾಚಿ.

ಹೊರಗೆ ವರಾಂಡದಲ್ಲಿ ಸುದ್ದಿ ಆಗಲೇ ಹಬ್ಬಿತ್ತು. ಬೆಳಿಗ್ಗೆ ಆಕೆಯ ನೆರಳು ಬಿದ್ದರೆ ಗೋಡೆಗೆ ಅಂಟಿಕೊಳ್ಳುತ್ತಿದ್ದವರೆಲ್ಲ ಈಗ ದಾರಿಗಡ್ಡ ನಿಂತು ಚಪ್ಪಾಳೆ ತಟ್ಟಿದರು. ಕೀಲಿಯಮ್ಮ ಅವರ ನಡುವೆ ಗೊಂಚಲು ಝಣಝಣಿಸುತ್ತಾ ನಡೆದಳು. ನಾಳೆಯಿಂದ ಎಲ್ಲರೂ ಚಪ್ಪಲಿಯ ಮಣ್ಣು ಒರೆಸಿಕೊಂಡು ಮ್ಯೂಸಿಯಮ್ಮಿಗೆ ಬರಬೇಕು ಎಂದು ಎಚ್ಚರಿಕೆಯನ್ನೂ ಕೊಟ್ಟಳು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ನಾದಿನಿಯನ್ನು ಹುಡುಗಿಯರು ಮುತ್ತಿಕೊಂಡಿದ್ದರು. ಅವಳು ಕಾಫಿಯ ಲೋಟ ಎತ್ತಿ ದೂರದಿಂದಲೇ ನನಗೆ ತೋರಿಸಿದಳು. ಅಂಥ ಖುಷಿಯಲ್ಲಿ ನಾನು ಅವಳನ್ನು ಅವಳ ಮದುವೆಯಲ್ಲೂ ನೋಡಿರಲಿಲ್ಲ.

ಪೊಲೀಸ್ ಬುದ್ಧಿ ಮಾತ್ರ ನನ್ನನ್ನು ಸುಮ್ಮನಿರಲು ಬಿಡಲಿಲ್ಲ. ಒಂದು ಪ್ರಶ್ನೆ ಗಂಟಲಲ್ಲೇ ಉಳಿದಿತ್ತು. ಟೈ ಮೇಷ್ಟ್ರು ಪ್ರಾಂಶುಪಾಲರ ಕೋಣೆಯ ಹೊರಗಿನ ಬೆಂಚಿನಲ್ಲಿ ಟೈ ಸಡಿಲಿಸಿಕೊಂಡು ಕುಳಿತಿದ್ದರು. ಪಕ್ಕದಲ್ಲಿ ಹೋಗಿ ಕುಳಿತೆ. ಬೈಯಲಿಲ್ಲ, ಗದರಿಸಲಿಲ್ಲ. ಪ್ರಾಂಶುಪಾಲರ ದಿಂಬಿನಡಿ ಇಡುವುದು ಸುಲಭ, ಒಪ್ಪೋಣ. ದೊಡ್ಡ ಮೇಷ್ಟ್ರ ಡ್ರಾಯರಿಗೆ ಬೀಗವಿತ್ತಲ್ಲ, ಅದನ್ನು ಹೇಗೆ ತೆಗೆದಿರಿ ಎಂದು ಕೇಳಿದೆ.

“ನಾನು ತೆಗೀಲಿಲ್ಲ,” ಎಂದರು. ಟೈಯ ತುದಿಯನ್ನು ಬೆರಳಿಗೆ ಸುತ್ತುತ್ತಾ, “ಗೊಂಬೆ ಹೊಲಿದು ಕೊಟ್ಟೆ, ಅಷ್ಟೇ.”

“ಯಾರಿಗೆ?”

“ಯಾರ ಡ್ರಾಯರೋ ಅವರಿಗೆ.”

ಮಿಕ್ಕದ್ದನ್ನು ಅವರು ನೆಲ ನೋಡಿಕೊಂಡು ಹೇಳಿದರು. ದೊಡ್ಡ ಮೇಷ್ಟ್ರೇ ಕರೆದು ಹೇಳಿದ್ದಂತೆ. ಕೀಲಿಗಳು ಆ ಹೆಂಗಸಿನ ಕೈ ತಪ್ಪಬೇಕು, ತಾನೇ ಕಿತ್ತುಕೊಂಡರೆ ಯಾಕೆಂದು ಕೇಳುತ್ತಾರೆ, ಜನವೇ ತೆಗೆಸುವ ಹಾಗಾಗಬೇಕು ಎಂದಿದ್ದರಂತೆ. ಬದಲಿಗೆ ಮುಂದೆ ಮುಖ್ಯಸ್ಥರ ಕುರ್ಚಿ ಇವರಿಗೆ. ಕೀಲಿ ಯಾಕೆ ಬೇಕಿತ್ತೆಂದು ಇವರು ಕೇಳಲಿಲ್ಲ. ಮರುದಿನ ಅವರು ಮೆಟ್ಟಿಲಿನಿಂದ ಬಿದ್ದಾಗ ತಮಗೂ ಒಂದು ಗಳಿಗೆ ಜೀವ ಹಾರಿಹೋಗಿತ್ತು ಎಂದು ಸಣ್ಣ ದನಿಯಲ್ಲಿ ಒಪ್ಪಿಕೊಂಡರು.

ಎಂಥ ದಡ್ಡ ನಾನು. ಬೀಗ ಹಾಕಿದ ಡ್ರಾಯರಿನ ಎರಡನೆಯ ಕೀಲಿ ಡ್ರಾಯರಿನ ಒಡೆಯನ ಬಳಿ ಇರುತ್ತದೆಂದು ಹೊಸದಾಗಿ ಸೇರಿದ ಪೇದೆಗೂ ಗೊತ್ತು. ಕಾಲು ಮುರಿದುಕೊಂಡವರು ಎಂದು ಕನಿಕರಪಟ್ಟು ಕೇಳದೆ ಬಿಟ್ಟಿದ್ದೆ.

ನಾದಿನಿಗೆ ಇದನ್ನು ಹೇಳುವುದು ಹೇಗೆ ಎಂಬುದೇ ದೊಡ್ಡ ಕಷ್ಟವಾಯಿತು. ದೊಡ್ಡ ಮೇಷ್ಟ್ರು ಅವಳ ಗುರುಗಳು. ಅವಳನ್ನು ಈ ವಿದ್ಯೆಗೆ ಕೈ ಹಿಡಿದು ತಂದವರು, ಅಪ್ಪ ಹೋದ ವರ್ಷ ಮನೆಗೆ ಬಂದು ಅಪ್ಪನ ಹಾಗೆ ಕುಳಿತವರು. ಮ್ಯೂಸಿಯಮ್ಮಿನ ಕೋಣೆಗೆ ಅವಳನ್ನು ಕರೆದೊಯ್ದು, ಬಾಗಿಲು ಹಾಕಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅವಳು ವಾದ ಮಾಡುತ್ತಾಳೆ, ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಹಾಗಾಗಲಿಲ್ಲ. ನಿಧಾನವಾಗಿ ಕುರ್ಚಿಗೆ ಕುಸಿದಳು.

“ಭಾವ, ಸೂಜಿಯ ಉಪಾಯ ನನ್ನದಲ್ಲ. ಬೆಳಿಗ್ಗೆ ಹೊಲಿಗೆ ಬಿಚ್ಚಿದ ಮೇಲೆ ಆಸ್ಪತ್ರೆಯಲ್ಲಿದ್ದ ಗುರುಗಳಿಗೆ ಫೋನ್ ಮಾಡಿದ್ದೆ. ಫ್ರಾಕಿನ ವಿಷಯ ಎಲ್ಲ ಹೇಳ್ದೆ. ನನ್ನ ಗೊಂಬೆಗೇ ಚುಚ್ಚಿಸು, ಲೈಬ್ರರಿಯವರ ಕೈಗೆ ಕೊನೆಗೆ ಹೋಗೋ ಹಾಗೆ ನೋಡ್ಕೋ ಅಂತ ಹೇಳಿದ್ದು ಅವರೇ.”

ಗುಟ್ಟು ಹೊರಬೀಳುತ್ತದೆಂದು ತಿಳಿದೊಡನೆ ತನ್ನ ಜೊತೆಗಾರನನ್ನು ನಮ್ಮ ಕೈಯಿಂದಲೇ ಹಿಡಿಸಿದ್ದರು. ನಾವು ಗೆದ್ದೆವೆಂದು ಕಾಫಿ ಕುಡಿಯುತ್ತಿದ್ದೆವು.

ಅವಳ ಫೋನು ಹೊಡೆದುಕೊಂಡಿತು. ಪರದೆಯ ಮೇಲೆ ‘ಗುರುಗಳು’ ಎಂದಿತ್ತು. ಅವಳು ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಇಬ್ಬರಿಗೂ ಕೇಳುವ ಹಾಗೆ ಅದನ್ನು ಮೇಜಿನ ಮೇಲಿಟ್ಟಳು.

ದನಿ ಎಂದಿನಂತೆ ಬೆಚ್ಚಗಿತ್ತು, ಮೆಚ್ಚುಗೆ ತುಂಬಿತ್ತು. ಗೆದ್ದೆಯಂತಲ್ಲ ಮಗಳೇ, ಪ್ರಾಂಶುಪಾಲರು ಹೇಳಿದರು ಎಂದರು. ಆಮೇಲೆ ಕೀಲಿಗಳು ಯಾರ ಬಳಿ ಇವೆ ಎಂದು ಕೇಳಿದರು. ಕೀಲಿಯಮ್ಮನಿಗೇ ಕೊಟ್ಟಾಯಿತು ಎಂದಳು ನಾದಿನಿ. ಆಚೆಯಿಂದ ಮಾತು ನಿಂತಿತು. ಆ ಮೌನದಲ್ಲಿ ಆಸ್ಪತ್ರೆಯ ಸದ್ದು ಒಂದೂ ಇರಲಿಲ್ಲ. ಓಡುತ್ತಿರುವ ಕಾರಿನ ಸದ್ದಿತ್ತು.

“ಈಗ ಎಲ್ಲಿದ್ದಾಳೆ ಆಕೆ?”

ನಮ್ಮಿಬ್ಬರ ಕಣ್ಣೂ ಬಾಗಿಲ ಕಡೆ ಹೋಯಿತು. ಬೆಳಿಗ್ಗೆಯಿಂದ ಬೀಗ ತೆಗೆದಿಲ್ಲ, ಎಲ್ಲ ಇದ್ದಲ್ಲೇ ಇದೆಯೋ ನೋಡಿ ಬರುತ್ತೇನೆ ಎಂದು ಕೀಲಿಯಮ್ಮ ನೆಲಮಾಳಿಗೆಯ ಉಗ್ರಾಣಕ್ಕೆ ಒಬ್ಬಳೇ ಇಳಿದು ಹೋಗಿದ್ದಳು. ದೊಡ್ಡ ಮೇಷ್ಟ್ರಿಗೆ ಬೇಕಿದ್ದದ್ದು ಆ ಉಗ್ರಾಣದ ಕೀಲಿ ಎಂದು ನನಗೆ ಆಗ ಹೊಳೆಯಿತು. ಕೆಳಗಿನಿಂದ ಆಕೆಯ ಕೂಗು ಕೇಳಿಸಿತು. ಆಕೆ ನಮ್ಮನ್ನು ಕರೆಯುತ್ತಿರಲಿಲ್ಲ. ನೀವು ಯಾರು, ಒಳಗೆ ಹೇಗೆ ಬಂದಿರಿ ಎಂದು ಯಾರನ್ನೋ ಕೇಳುತ್ತಿದ್ದಳು.